ಮಲಗುವ ಕೋಣೆಗೊಂದು ಪೆಟ್ಟಿಗೆ

ಮನೆಗೆ ಬರುವ ಅತಿಥಿಗಳಲ್ಲಿ ಎರಡು ಬಗೆಯವರುಂಟು. ಕೆಲವರು ಜಗುಲಿಯಲ್ಲಿ ಕುಳಿತು, ಕುಶಲ ವಿಚಾರಿಸಿ, ಕಾಫಿ ಕುಡಿದು ಹೊರಟುಹೋಗುತ್ತಾರೆ. ಇನ್ನು ಕೆಲವರು ಮೊದಲ ದಿನ ಜಗುಲಿಯಲ್ಲಿ, ಮರುದಿನ ನಡುಮನೆಯಲ್ಲಿ, ಮೂರನೆಯ ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕಾಣಿಸಿಕೊಂಡು, ವಾರ ಕಳೆಯುವುದರೊಳಗೆ ಮನೆಯವರೇ ಆಗಿಬಿಡುತ್ತಾರೆ. ಕಳೆದ ನೂರು ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಂದ ಯಂತ್ರಗಳೆಲ್ಲ ಈ ಎರಡನೆಯ ಬಗೆಯವು. ಗ್ರಾಮಫೋನು ಬಂದಾಗ ಅದಕ್ಕೆ ಜಗುಲಿಯಲ್ಲಿ ಪೀಠ ಹಾಕಿದೆವು. ರೇಡಿಯೋ ಬಂದಾಗ ನಡುಮನೆಯ ಗೋಡೆಗೆ ಹಲಗೆ ಹೊಡೆದು ಕೂರಿಸಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿದೆವು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಗಿ, ಕಾಲಕ್ರಮದಲ್ಲಿ ಟಿವಿ ಎಂಬುದು ಊರೂರಿಗೆ ಹಬ್ಬಿದಾಗ, ಟಿವಿಯುಳ್ಳ ಮನೆಯ ನಡುಮನೆ ನೆರೆಹೊರೆಯವರಿಗೆಲ್ಲ ಸಭಾಂಗಣವಾಯಿತು. ಈಗ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ಬಂದಿದೆ. ಅದು ಜಗುಲಿಯಲ್ಲಿ ಕೂರಲಿಲ್ಲ, ನಡುಮನೆಯಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಮಲಗುವ ಕೋಣೆಗೇ ನಡೆದು ಬಂದಿದೆ.

ಸ್ಟ್ರೀಮಿಂಗ್ ಪೆಟ್ಟಿಗೆ ಎಂದು ಅಂಗಡಿಯವರು ಕರೆಯುವ ಈ ವಸ್ತುವನ್ನು ಕಂಡರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವೇನೂ ಇಲ್ಲ. ಹಿರಿಯರಿಗೆ ಮಾತ್ರ ಇದರೊಳಗೆ ಎಷ್ಟು ಸಿನಿಮಾ ಅಡಗಿದೆ ಎಂಬ ಕುತೂಹಲ. ನಿಜ ಹೇಳುವುದಾದರೆ ಅದರೊಳಗೆ ಒಂದು ಸಿನಿಮಾವೂ ಇಲ್ಲ. ಪೆಟ್ಟಿಗೆಯ ಒಂದು ತಂತಿ ಟಿವಿಗೆ, ಇನ್ನೊಂದು ವಿದ್ಯುತ್ತಿಗೆ. ಉಳಿದ ನಂಟೆಲ್ಲ ವೈಫೈ ಎಂಬ ಕಾಣದ ದಾರಕ್ಕೆ. ದೂರದ ಯಾವುದೋ ಊರಿನ ಕಣಜದಲ್ಲಿರುವ ಚಿತ್ರವನ್ನು ಕೆಲವು ಕ್ಷಣಗಳ ತುಣುಕುಗಳನ್ನಾಗಿ ಕತ್ತರಿಸಿ ಇಟ್ಟಿರುತ್ತಾರೆ. ಪೆಟ್ಟಿಗೆಯು ಒಂದು ತುಣುಕನ್ನು ತೋರಿಸುತ್ತಿರುವಾಗಲೇ ಮುಂದಿನದನ್ನು ಬೇಡಿ ತರಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ. ದಾರ ಗಟ್ಟಿಯಾಗಿದ್ದರೆ ನಯವಾದ ತುಣುಕನ್ನು ಕೇಳುತ್ತದೆ. ದಾರ ಸಡಿಲವಾದರೆ ಒರಟು ತುಣುಕಿಗೇ ತೃಪ್ತಿಪಡುತ್ತದೆ. ಮಡಿಲು ಬರಿದಾದರೆ ತೆರೆಯ ಮೇಲೆ ಚಕ್ರ ಸುತ್ತತೊಡಗುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ವೇಗದ ಒಂದು ಚಿತ್ರವನ್ನು ಒಂದು ಗಂಟೆ ನೋಡಿದರೆ ಸುಮಾರು 2.25 ಗಿಗಾಬೈಟಿನಷ್ಟು ಸಾಮಗ್ರಿ ಆ ದಾರದಲ್ಲಿ ಹರಿದು ಬಂದಿರುತ್ತದೆ. ನೋಡಿ ಮುಗಿಸಿದ ಮೇಲೆ ಮನೆಯಲ್ಲಿ ಉಳಿಯುವುದು ಏನೂ ಇಲ್ಲ. ಹೊಳೆಯ ನೀರು ಗದ್ದೆಯ ಬದಿಯಲ್ಲಿ ಹರಿದುಹೋದಂತೆ ಅಷ್ಟೆ.

ಈ ಮಾತನ್ನು ಬರಿಯ ಪುಸ್ತಕಜ್ಞಾನದಿಂದ ಬರೆಯುತ್ತಿಲ್ಲ. ಎಂಬತ್ತು ದಾಟಿದ ನಮ್ಮ ಅವ್ವನವರಿಗೆ ಮೊಣಕಾಲಿನ ನೋವು ಹೆಚ್ಚಿ, ನಡುಮನೆಗೆ ಬಂದು ಕುಳಿತುಕೊಳ್ಳುವುದೂ ಕಷ್ಟವಾದ ಮೇಲೆ, ಅವರ ಕೋಣೆಗೆ ಒಂದು ಸಣ್ಣ ಟಿವಿಯನ್ನೂ ಮೂರು ಸಾವಿರ ರೂಪಾಯಿಯ ಆಸುಪಾಸಿನ ಇಂತಹದೊಂದು ಪೆಟ್ಟಿಗೆಯನ್ನೂ ತಂದು ಜೋಡಿಸಿದೆವು. ಒಂದು ಮಳೆಗಾಲವಿಡೀ ಅದನ್ನು ಪರೀಕ್ಷಿಸಿ ನೋಡಿದ ಫಲವೇ ಈ ಲೇಖನ. ಮಲಗುವ ಕೋಣೆಯ ಟಿವಿಗೆ ದುಬಾರಿ ಪೆಟ್ಟಿಗೆ ಬೇಕಾಗಿಲ್ಲ ಎಂಬುದು ನನ್ನ ಮೊದಲನೆಯ ತೀರ್ಮಾನ. ಐದಾರು ಅಡಿ ದೂರದಿಂದ ನೋಡುವ ಸಣ್ಣ ತೆರೆಯಲ್ಲಿ ಸಾಧಾರಣ ಚಿತ್ರಕ್ಕೂ ಅತಿಸೂಕ್ಷ್ಮ ಚಿತ್ರಕ್ಕೂ ವ್ಯತ್ಯಾಸ ಕಾಣುವ ಕಣ್ಣು ನಮ್ಮ ಮನೆಯಲ್ಲಂತೂ ಯಾರಿಗೂ ಇಲ್ಲ. ಆದರೆ ಕೊಳ್ಳುವವರು ತಿಳಿದಿರಬೇಕಾದ ಒಂದು ಸೂಕ್ಷ್ಮವುಂಟು. ಚಿತ್ರಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು ತಮ್ಮ ಸರಕು ಕಳವಾಗದಂತೆ ಅದಕ್ಕೆ ಬೀಗ ಹಾಕಿ ಕಳಿಸುತ್ತವೆ. ಆ ಬೀಗವನ್ನು ತೆರೆಯುವ ಪ್ರಮಾಣಿತ ಕೀಲಿ ಇಲ್ಲದ ಅಗ್ಗದ ಪೆಟ್ಟಿಗೆಗೆ, ದಾರವೆಷ್ಟೇ ಗಟ್ಟಿಯಿದ್ದರೂ, ಮಸುಕು ಚಿತ್ರವನ್ನಷ್ಟೇ ಕೊಡುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಪೆಟ್ಟಿಗೆಯನ್ನು ತಂದು, ಕನ್ನಡಕದ ದೋಷವೆಂದು ವೈದ್ಯರ ಬಳಿಗೆ ಹೋಗುವುದು ಬೇಡ.

ಇಷ್ಟು ಯಂತ್ರದ ವಿಚಾರವಾಯಿತು. ಪೆಟ್ಟಿಗೆಯೊಳಗಿಂದ ಏನು ಬರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಗುಂಡಿ ಒತ್ತಿದೊಡನೆ ತೆರೆಯ ತುಂಬ ಚಿತ್ರಗಳ ಸಾಲು. ಇಂಗ್ಲಿಷು, ಹಿಂದಿ, ಕೊರಿಯಾದ ಕಥೆಗಳು, ಸ್ಪೇನಿನ ಕಥೆಗಳು. ಬಹಳಷ್ಟು ಕೆಳಗೆ ಇಳಿದ ಮೇಲೆ ಕನ್ನಡ. ಅವ್ವನವರು ರಿಮೋಟಿನ ಧ್ವನಿಗ್ರಾಹಕಕ್ಕೆ ಮನೆಯ ಮಾತಾದ ಅರೆಭಾಷೆಯಲ್ಲಿ ಏನನ್ನೋ ಕೇಳಿದರು. ಅದು ಬೇರೆಯೇ ಏನನ್ನೋ ತಿಳಿದುಕೊಂಡು ಒಂದು ಹಿಂದಿ ಹಾಡನ್ನು ಹಾಕಿತು. ಎರಡು ಬಾರಿ ಹೀಗಾದ ಮೇಲೆ ಅವರು ಯಂತ್ರಕ್ಕೆ ಕಿವಿ ಮಂದವಿರಬೇಕೆಂದು ತೀರ್ಮಾನಿಸಿ ಹಳೆಯ ರೇಡಿಯೋವನ್ನೇ ಕೇಳಿ ತರಿಸಿಕೊಂಡರು. ಆ ರೇಡಿಯೋದಲ್ಲಿ 103.1ಕ್ಕೆ ಮುಳ್ಳು ತಿರುಗಿಸಿದರೆ ಮಡಿಕೇರಿ ಆಕಾಶವಾಣಿಯಿದೆ. 1993ರಲ್ಲಿ ಆರಂಭವಾದ ಆ ಕೇಂದ್ರ ಕನ್ನಡದೊಡನೆ ಕೊಡವ ಭಾಷೆಗೂ ಅರೆಭಾಷೆಗೂ ಜಾಗ ಕೊಟ್ಟು, ಮನೆಯ ಮಾತನ್ನು ಗಾಳಿಯಲ್ಲಿ ಕೇಳುವ ಸುಖವನ್ನು ಈ ಜಿಲ್ಲೆಗೆ ಕಲ್ಪಿಸಿತು. ಹೊಸ ಪೆಟ್ಟಿಗೆಯ ಮುಖಪುಟದಲ್ಲಿ ಎಷ್ಟು ಹುಡುಕಿದರೂ ಈ ಎರಡು ಮಾತುಗಳ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ.

ಕನ್ನಡದಂತಹ ಕೋಟಿಗಟ್ಟಲೆ ಜನರ ಭಾಷೆಗೇ ಈ ಸಂತೆಯಲ್ಲಿ ಜಾಗ ಸಿಕ್ಕುವುದು ಸುಲಭವಾಗಿಲ್ಲ. 2020ರ ಜುಲೈಯಲ್ಲಿ, ಸಾಂಕ್ರಾಮಿಕದ ದೆಸೆಯಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ, 'ಲಾ' ಎಂಬ ಕನ್ನಡ ಚಿತ್ರ ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ತೆರೆಕಂಡಿತು. ಅದೇ ತಿಂಗಳು 'ಫ್ರೆಂಚ್ ಬಿರಿಯಾನಿ' ಬಂತು. ಇನ್ನು ಕನ್ನಡಕ್ಕೆ ಬಾಗಿಲು ತೆರೆಯಿತೆಂದು ನಾವೆಲ್ಲ ನಂಬಿದೆವು. ಆದರೆ 2024ರಲ್ಲಿ ಏನಾಯಿತು? ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ್ದ, ಕರಾವಳಿಯ ಬದುಕನ್ನು ಕುರಿತ ಏಳು ಕಂತುಗಳ 'ಏಕಂ' ಸರಣಿಯನ್ನು ಕೊಳ್ಳುವ ವೇದಿಕೆ ಸಿಗದೆ, ಅದಕ್ಕಾಗಿಯೇ ಒಂದು ಜಾಲತಾಣವನ್ನು ಕಟ್ಟಿ ಆ ವರ್ಷದ ಜುಲೈಯಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಾಂತ ನಟನಿಗೇ ಈ ಪಾಡಾದರೆ ಉಳಿದವರ ಗತಿಯನ್ನು ಹೇಳಬೇಕಾಗಿಲ್ಲ.

ಹಾಗೆಂದು ಈ ಸಂಸ್ಥೆಗಳನ್ನು ಬಯ್ದು ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ವ್ಯಾಪಾರಿಯು ಗಿರಾಕಿಗಳನ್ನು ಎಣಿಸುತ್ತಾನೆ; ಅದು ಅವನ ಧರ್ಮ. 2011ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಮ್ಮ ಮಾತೃಭಾಷೆಯೆಂದು ಬರೆಸಿದವರು 1,13,857 ಜನ. ಅದಕ್ಕೆ ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಆ ಸಂಖ್ಯೆ 1,66,187 ಆಗಿತ್ತು. ಅರೆಭಾಷೆ, ಯರವರ ಮಾತು, ಕುರುಬರ ಮಾತು ಇವುಗಳ ಸ್ಥಿತಿ ಇದಕ್ಕಿಂತ ಮೇಲಲ್ಲ. 1972ರಲ್ಲಿ ಮೊದಲ ಕೊಡವ ಚಲನಚಿತ್ರ 'ನಾಡ ಮಣ್ಣ್ ನಾಡ ಕೂಳ್' ಬಂದಾಗಲೂ ಅದು ಲಾಭದ ಲೆಕ್ಕದಿಂದ ಹುಟ್ಟಿದ್ದಿರಲಾರದು. ಇಂತಹ ಮಾತುಗಳ ಹೊಣೆಯನ್ನು ಸರಕಾರವೂ ಸಾರ್ವಜನಿಕ ಸಂಸ್ಥೆಗಳೂ ಹೊರಬೇಕೆನ್ನುವುದು ನ್ಯಾಯವೇ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆಯ ಅಕಾಡೆಮಿ ಇವು ಯಥಾಶಕ್ತಿ ಕೆಲಸ ಮಾಡುತ್ತಿವೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು 'ವೇವ್ಸ್' ಎಂಬ ತನ್ನದೇ ವೇದಿಕೆಯನ್ನು ತೆರೆದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಜಾಗ ಕೊಟ್ಟಿದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಮನೆಯ ಮಾತಿನ ಹೊಣೆಯನ್ನು ಪೂರ್ತಿಯಾಗಿ ಮನೆಯ ಹೊರಗಿನವರಿಗೆ ವಹಿಸಿಬಿಟ್ಟರೆ ಸಾಕೆ? ನನ್ನ ಪ್ರಶ್ನೆ ಅದು.

ಇನ್ನೊಂದು ಮಾತನ್ನೂ ಯೋಚಿಸಬೇಕು. ಪೆಟ್ಟಿಗೆಯಲ್ಲಿ ಕಾಣುವುದೆಲ್ಲ ಬಾಡಿಗೆಯದು. ಈ ತಿಂಗಳು ಇದ್ದ ಚಿತ್ರ, ಒಪ್ಪಂದದ ಅವಧಿ ತೀರಿದರೆ, ಮುಂದಿನ ತಿಂಗಳು ಇರುವುದಿಲ್ಲ. ಬಾಡಿಗೆ ಹಾಗಿರಲಿ, ಹಣ ಕೊಟ್ಟು ಕೊಂಡದ್ದೂ ನಮ್ಮದಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. 2009ರ ಜುಲೈಯಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆಯು ತನ್ನ ಓದುಯಂತ್ರದ ಗ್ರಾಹಕರು ಕೊಂಡಿದ್ದ ಕೆಲವು ಪುಸ್ತಕಗಳನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ದೂರದಿಂದಲೇ ಅಳಿಸಿ ಹಾಕಿ ಹಣವನ್ನು ಹಿಂದಿರುಗಿಸಿತು. ಆ ಪುಸ್ತಕಗಳಲ್ಲಿ ಜಾರ್ಜ್ ಆರ್ವೆಲ್ಲನ '1984' ಕಾದಂಬರಿಯೂ ಒಂದಾಗಿತ್ತೆಂಬುದು ಇತಿಹಾಸದ ವ್ಯಂಗ್ಯ. ಸಂಸ್ಥೆಯ ಮುಖ್ಯಸ್ಥರು ಆಮೇಲೆ ಕ್ಷಮೆ ಕೇಳಿದರೆಂಬುದು ನಿಜ. ಆದರೆ ನಮ್ಮ ಕಪಾಟಿನ ಪುಸ್ತಕವನ್ನು ರಾತ್ರೋರಾತ್ರಿ ತೆಗೆದುಕೊಂಡು ಹೋಗುವ ಕೈ ಒಂದಿದೆ ಎಂಬುದು ಅಂದು ಎಲ್ಲರಿಗೂ ತಿಳಿಯಿತಲ್ಲ, ಅದನ್ನು ಮರೆಯುವುದು ಹೇಗೆ?

ಈ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸಣ್ಣ ಕಿಂಡಿಯುಂಟು. ಕೊಳ್ಳುವವರಲ್ಲಿ ಅದನ್ನು ಗಮನಿಸುವವರು ಕಡಿಮೆ. ಪೆನ್‌ಡ್ರೈವನ್ನೋ ಹಾರ್ಡ್ ಡಿಸ್ಕನ್ನೋ ಸಿಕ್ಕಿಸುವ ಯುಎಸ್‌ಬಿ ಕಿಂಡಿ ಅದು. ಮುಂಬಾಗಿಲಿನಿಂದ ಜಗತ್ತು ಒಳಬರುತ್ತದೆ. ಈ ಹಿತ್ತಿಲ ಬಾಗಿಲಿನಿಂದ ನಮ್ಮದನ್ನು ನಾವೇ ಒಳಗೆ ತಂದಿಡಬಹುದು. ಅದಕ್ಕೆ ಬೇಕಾದ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಆಟದ ಯಂತ್ರವೊಂದಕ್ಕಾಗಿ ಹವ್ಯಾಸಿಗಳು ಬರೆದು, 2014ರಲ್ಲಿ 'ಕೋಡಿ' ಎಂದು ಹೊಸ ಹೆಸರು ಪಡೆದ ಒಂದು ತಂತ್ರಾಂಶವಿದೆ. ಹೆಸರಿಟ್ಟವರಿಗೆ ಕನ್ನಡ ಗೊತ್ತಿರಲಾರದು. ಆದರೆ ಕೆರೆ ತುಂಬಿದಾಗ ನೀರು ಹರಿಯುವ ಜಾಗಕ್ಕೆ ನಾವು ಕೋಡಿ ಎನ್ನುತ್ತೇವಷ್ಟೆ. ಮನೆಯಲ್ಲಿ ಸಂಗ್ರಹವೆಂಬ ಕೆರೆ ತುಂಬಿದ್ದರೆ ಅದು ಈ ಕೋಡಿಯಲ್ಲಿ ಎಲ್ಲ ಕೋಣೆಗಳಿಗೂ ಹರಿಯುತ್ತದೆ. ಕೆರೆಯೇ ಬರಿದಾಗಿದ್ದರೆ ಕೋಡಿ ಏನು ಮಾಡೀತು?

ನಮ್ಮ ಮನೆಯಲ್ಲಿ ಈ ಹಿತ್ತಿಲ ಬಾಗಿಲನ್ನು ತೆರೆದವನು ನನ್ನ ತಮ್ಮನ ಮಗ. ಅಟ್ಟದ ಮೇಲಿದ್ದ ಕ್ಯಾಸೆಟ್ಟುಗಳನ್ನು ಅವನು ರಜೆಯಲ್ಲಿ ಇಳಿಸಿ, ಒರೆಸಿ, ಒಂದೊಂದನ್ನಾಗಿ ಕಂಪ್ಯೂಟರಿಗೆ ಏರಿಸಿದ. ಅರ್ಧಕ್ಕರ್ಧ ಬೂಷ್ಟು ಹಿಡಿದು ಹಾಳಾಗಿದ್ದವು. ಕೊಡಗಿನ ಮಳೆಗೆ ಕ್ಯಾಸೆಟ್ಟೆಂದರೂ ಒಂದೇ, ಕರಿಮೆಣಸೆಂದರೂ ಒಂದೇ. ಉಳಿದವುಗಳಲ್ಲಿ ಮದುವೆಯೊಂದರ ಧ್ವನಿಮುದ್ರಣವಿತ್ತು. ಅದರಲ್ಲಿ ಈಗ ನಮ್ಮೊಡನಿಲ್ಲದ ದೊಡ್ಡವ್ವನವರು ಶೋಭಾನೆ ಹಾಡಿದ್ದರು. ಅದನ್ನು ಅವ್ವನ ಕೋಣೆಯ ಪೆಟ್ಟಿಗೆಗೆ ಸಿಕ್ಕಿಸಿ ಕೇಳಿಸಿದೆವು. ಅವ್ವ ಅಳಬಹುದೆಂದು ನಾನು ಅಂಜಿದ್ದೆ. ಅವರು ಅಳಲಿಲ್ಲ. ಹಾಡು ಮುಗಿದ ಮೇಲೆ, ಅಕ್ಕ ನಡುವೆ ಒಂದು ನುಡಿಯನ್ನು ಬಿಟ್ಟುಬಿಟ್ಟಿದ್ದಾಳೆ ಎಂದು ಆಕ್ಷೇಪಿಸಿ, ಬಿಟ್ಟುಹೋದ ನುಡಿಯನ್ನು ತಾವೇ ಹಾಡಿ ತೋರಿಸಿದರು. ಹುಡುಗ ಜಾಣ, ಅಷ್ಟರಲ್ಲಿ ಫೋನಿನಲ್ಲಿ ಅದನ್ನು ಹಿಡಿದಿಟ್ಟುಕೊಂಡಿದ್ದ. ಆ ನುಡಿಯನ್ನು ಬಲ್ಲವರು ನಮ್ಮ ಬಳಗದಲ್ಲಿ ಬೇರೆ ಯಾರಿದ್ದಾರೆ ಎಂದು ಆಮೇಲೆ ವಿಚಾರಿಸಿದೆ. ಯಾರೂ ಇರಲಿಲ್ಲ. ತಿಂಗಳಿಗಿಷ್ಟೆಂದು ಬಾಡಿಗೆ ತೆತ್ತು ತರಿಸುವ ಸಾವಿರಾರು ಗಂಟೆಗಳ ಚಿತ್ರರಾಶಿ ಒಂದು ಕಡೆ. ಆ ಒಂದು ನುಡಿ ಇನ್ನೊಂದು ಕಡೆ. ತಕ್ಕಡಿ ಎತ್ತ ವಾಲೀತೆಂಬುದನ್ನು ಓದುಗರೇ ನಿರ್ಣಯಿಸಲಿ.

ಮನೆಯವರ ಹವ್ಯಾಸ ದೊಡ್ಡ ಸಂಸ್ಥೆಗಳ ಮರೆವಿನಿಂದ ಒಂದು ವಸ್ತುವನ್ನು ಉಳಿಸಿದ ಉದಾಹರಣೆ ಹೊರದೇಶದಲ್ಲಿಯೂ ಉಂಟು. ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯು 1960 ಮತ್ತು 1970ರ ದಶಕಗಳಲ್ಲಿ, ಟೇಪುಗಳ ಬೆಲೆ ಹೆಚ್ಚೆಂದೂ ಇಡಲು ಜಾಗವಿಲ್ಲವೆಂದೂ, ತಾನೇ ನಿರ್ಮಿಸಿದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಹಾಕಿತು. 'ಡಾಕ್ಟರ್ ಹೂ' ಎಂಬ ಜನಪ್ರಿಯ ಸರಣಿಯ ಹಲವು ಕಂತುಗಳು ಹೀಗೆ ನಾಶವಾದವು. ಆದರೆ ಚಿತ್ರ ಕಳೆದುಹೋದ ಆ ಕಂತುಗಳ ಧ್ವನಿ ಮಾತ್ರ ಇಂದಿಗೂ ಉಳಿದಿದೆ. ಹೇಗೆಂದರೆ, ಅಂದಿನ ಕೆಲವು ಹುಡುಗರು ಮನೆಯ ಟಿವಿಯ ಮುಂದೆ ಟೇಪ್ ರೆಕಾರ್ಡರನ್ನಿಟ್ಟು ತಮ್ಮ ಸಂತೋಷಕ್ಕಾಗಿ ಧ್ವನಿಯನ್ನು ಹಿಡಿದಿಟ್ಟುಕೊಂಡಿದ್ದರು. ದೇಶದ ಭಂಡಾರ ಕಳೆದುಕೊಂಡುದನ್ನು ಮಲಗುವ ಕೋಣೆಯ ಭಂಡಾರ ಕಾಪಾಡಿತು.

ನಮ್ಮ ನಾಡಿನಲ್ಲಿಯೂ ದೊಡ್ಡ ಕೆಲಸಗಳು ಮನೆಯಿಂದಲೇ ಆರಂಭವಾಗಿವೆ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರು. 1935ರಲ್ಲಿ ಅವರು ಒಂದು ಪುಟ್ಟ ಪ್ರಸಾರಯಂತ್ರವನ್ನು ತಮ್ಮ ಮನೆಯಲ್ಲಿಯೇ ಹೂಡಿ ಬಾನುಲಿ ಕೇಂದ್ರವನ್ನು ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ದೇಶದ ಬಾನುಲಿಗೆ ಬಂದುದು ಆ ಮನೆಯಿಂದ. ಅದಕ್ಕೂ ಹಿಂದೆ, ನಮ್ಮ ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ, ದುಡಿ ಕೊಟ್ಟಿ ಹಾಡುವವರ ಬಾಯಿಂದ ಕೇಳಿ ಬರೆದುಕೊಂಡು, 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿಸಿದರು. ಅವರ ಮೊಮ್ಮಕ್ಕಳೇ ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಪ್ರಕಟಿಸಿದರು. ಚಿಣ್ಣಪ್ಪನವರ ಕೈಯಲ್ಲಿದ್ದುದು ಕಾಗದ, ಲೇಖನಿ ಮತ್ತು ಕೇಳುವ ತಾಳ್ಮೆ. ನಮ್ಮ ಜೇಬಿನಲ್ಲಿ ಅವರಿಗೆ ಕನಸಿನಲ್ಲಿಯೂ ಕಾಣದಿದ್ದ ಧ್ವನಿಗ್ರಾಹಕವಿದೆ. ಇಲ್ಲದಿರುವುದು ಮೂರನೆಯದು ಮಾತ್ರ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಇಂತಹ ಹಾಡುಗಳನ್ನು ಯೂಟ್ಯೂಬಿಗೆ ಏರಿಸಿದರೆ ಸಾಲದೆ, ಮನೆಯಲ್ಲಿ ಏಕೆ ಕೂಡಿಡಬೇಕು ಎಂದು ಒಬ್ಬ ಮಿತ್ರರು ಕೇಳಿದರು. ಲೋಕಕ್ಕೆ ಸಲ್ಲಬೇಕಾದುದನ್ನು ಧಾರಾಳವಾಗಿ ಏರಿಸಲಿ; ಕೊಡವ, ಅರೆಭಾಷೆಯ ಎಷ್ಟೋ ಹಾಡುಗಳು ಅಲ್ಲಿ ಸೇರಿರುವುದು ಒಳ್ಳೆಯದೇ. ಆದರೆ ಅದೂ ಅನ್ಯರ ಕಪಾಟು. ಅದರ ಬೀಗದ ಕೈ ನಮ್ಮಲ್ಲಿಲ್ಲ. ಮೇಲಾಗಿ, ಅಜ್ಜಿ ಮೊಮ್ಮಗುವಿಗೆ ಹೇಳಿದ ಕಥೆ, ಹಿರಿಯರು ಕಾರಣರ ದಿನ ಆಡಿದ ಮಾತು ಇವೆಲ್ಲ ಬೀದಿಗೆ ಸಲ್ಲತಕ್ಕವಲ್ಲ. ಲೋಕಕ್ಕೆ ತೋರಿಸುವುದು ಬೇರೆ, ಮನೆಯಲ್ಲಿ ಉಳಿಸಿಕೊಳ್ಳುವುದು ಬೇರೆ.

ಮಲಗುವ ಕೋಣೆಗೆ ಟಿವಿ ಹೋಗುವುದೇ ಅನರ್ಥ, ಮನೆಯವರು ಒಂದೊಂದು ಕೋಣೆಯಲ್ಲಿ ಒಂದೊಂದು ದ್ವೀಪವಾಗುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಸತ್ಯವಿದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಸುತ್ತ ಕುಳಿತು ಹಾಡು ಕೇಳಿದ ಜನ ನಾವು. ಕಿವಿಗೊಂದು ಯಂತ್ರ ಸಿಕ್ಕಿಸಿಕೊಂಡು ಬಾಗಿಲು ಮುಚ್ಚಿ ಕುಳಿತರೆ ಅದೇ ಹಾಡು ಅರ್ಧವಾಗುತ್ತದೆ. ಒಂದು ಕಂತು ಮುಗಿದೊಡನೆ ಕೇಳದೆಯೇ ಇನ್ನೊಂದನ್ನು ಬಡಿಸುವ ಆ ಯಂತ್ರದ ಉಪಚಾರವೂ ಹರೆಯದವರ ನಿದ್ರೆಗೆ ಹಿತವಲ್ಲ. ಆ ಏರ್ಪಾಡನ್ನು ನಿಲ್ಲಿಸಿಡುವುದು ಲೇಸು. ಆದರೆ ಮಲಗುವ ಕೋಣೆಯೆಂದರೆ ಹರೆಯದವರದು ಮಾತ್ರವೆ? ಹಾಸಿಗೆ ಹಿಡಿದ ಮುದುಕರಿಗೆ, ಕಾಯಿಲೆಯವರಿಗೆ, ಬಾಣಂತಿಗೆ ಅದೇ ಜಗುಲಿ, ಅದೇ ನಡುಮನೆ. ಅವರು ನಡುಮನೆಗೆ ಬರಲಾರದಾಗ ನಡುಮನೆಯೇ ಅವರಲ್ಲಿಗೆ ಹೋಗಬೇಕು. ದೊಡ್ಡವ್ವನ ಹಾಡನ್ನು ಕೇಳಲು ನಾವೆಲ್ಲ ಅವ್ವನ ಮಂಚದ ಸುತ್ತ ಸೇರಿದ್ದೆವು. ಪರರ ಕಥೆಯನ್ನು ಒಬ್ಬರೇ ನೋಡಬಹುದು; ನಮ್ಮವರ ದನಿಯನ್ನು ಒಬ್ಬರೇ ಕೇಳಲು ಮನಸ್ಸು ಬರುವುದಿಲ್ಲ. ಪೆಟ್ಟಿಗೆಯ ಜಾಗಕ್ಕಿಂತ ಪೆಟ್ಟಿಗೆಯೊಳಗಿನ ವಸ್ತುವೇ ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿಯೇ.

ಕಾರ್ಯಕ್ಕೆ ಇಳಿಯುವವರಿಗೆ ಕೆಲವು ಮಾತು. ಕಳ್ಳದಾರಿಯಲ್ಲಿ ಸಿಕ್ಕ ಹೊಸ ಚಲನಚಿತ್ರಗಳಿಂದ ಪೆಟ್ಟಿಗೆಯನ್ನು ತುಂಬುವುದು ಸಂಗ್ರಹವಲ್ಲ, ಕಳವು. ನ್ಯಾಯವಾಗಿ ತುಂಬಬಹುದಾದುದೇ ಬೇಕಾದಷ್ಟಿದೆ. ನಮ್ಮ 1957ರ ಕೃತಿಸ್ವಾಮ್ಯದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷಗಳಾದ ಮೇಲೆ ಅವರ ಕೃತಿಗಳು ಎಲ್ಲರ ಸೊತ್ತಾಗುತ್ತವೆ. 1937ರಲ್ಲಿ ಗತಿಸಿದ ಪಂಜೆ ಮಂಗೇಶರಾಯರು, 1939ರಲ್ಲಿ ಅಗಲಿದ ಕೊಡಗಿನ ಗೌರಮ್ಮ, 1944ರಲ್ಲಿ ಕಣ್ಮರೆಯಾದ ಹರದಾಸ ಅಪ್ಪಚ್ಚಕವಿ ಇವರ ಬರಹಗಳಿಗೆ ಆ ಅವಧಿ ಎಂದೋ ಕಳೆದಿದೆ. ಗೌರಮ್ಮನವರ ಕಥೆಯೊಂದನ್ನು ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಚೆನ್ನಾಗಿ ಓದಿ ಧ್ವನಿಮುದ್ರಿಸಿದರೆ, ಕಣ್ಣು ಕಾಣದ ಅಜ್ಜಿಯರೆಷ್ಟು ಮಂದಿ ಮಲಗಿದಲ್ಲಿಯೇ ಅದನ್ನು ಕೇಳಬಹುದು! ಅಪ್ಪಚ್ಚಕವಿಯ ನಾಟಕದ ಒಂದು ದೃಶ್ಯವನ್ನು ಕೊಡವ ಬಲ್ಲ ನಾಲ್ವರು ವಿದ್ಯಾರ್ಥಿಗಳು ಓದಿ ಹಿಡಿದಿಡಬಹುದು. ಪರೀಕ್ಷೆಗೆಂದು ಬರೆಯಿಸುವ ಪ್ರಬಂಧಗಳಲ್ಲಿ ಒಂದನ್ನು ಕಡಿಮೆ ಮಾಡಿ ಅದರ ಬದಲು ಇಂತಹ ಕೆಲಸವನ್ನು ಕೊಡುವುದು ಅಧ್ಯಾಪಕರಾದ ನಮ್ಮ ಕೈಯಲ್ಲಿಯೇ ಇದೆ.

ಮನೆಯ ಮಾತಿಗೆ ಬಂದರೆ, ಆಟಿ ಹದಿನೆಂಟರ ಮದ್ದುಸೊಪ್ಪನ್ನು ಬೇರೆ ಸೊಪ್ಪಿನಿಂದ ಗುರುತಿಸುವುದು ಹೇಗೆ, ಪಾಯಸಕ್ಕೆ ಆ ಬಣ್ಣ ಬರಬೇಕಾದರೆ ಸೊಪ್ಪನ್ನು ಎಷ್ಟು ಕುದಿಸಬೇಕು, ಹುತ್ತರಿಯಂದು ಕದಿರು ಕೊಯ್ಯುವಾಗ ಏನು ಕೂಗುತ್ತಿದ್ದರು ಎಂಬುದನ್ನು ಹಿರಿಯರ ಬಾಯಿಂದಲೇ ಹೇಳಿಸಬೇಕು. ಮುದ್ರಣದ ಮೊದಲಲ್ಲಿ ಮಾತನಾಡುವವರ ಹೆಸರು, ಊರು, ದಿನಾಂಕಗಳನ್ನು ಬಾಯಲ್ಲಿಯೇ ಹೇಳಿಬಿಟ್ಟರೆ ಚೀಟಿ ಕಳೆದರೂ ಗುರುತು ಉಳಿಯುತ್ತದೆ. ಹೇಳುವವರ ಒಪ್ಪಿಗೆಯನ್ನು ಪಡೆಯತಕ್ಕದ್ದು. ಹಳೆಯ ಪದ್ಧತಿಯಲ್ಲಿ ಅಣಿಗೊಳಿಸಿದ ಪೆನ್‌ಡ್ರೈವಿನಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತ ಕೂರುವುದಿಲ್ಲ. ಉದ್ದವಾದ ವಿಡಿಯೋಗಳನ್ನು ತುಂಡುಮಾಡಿ ಇಡಬೇಕು. ಹಳೆಯದೊಂದು ಕಂಪ್ಯೂಟರಿನಲ್ಲಿ ಇವನ್ನೆಲ್ಲ ಇಟ್ಟು ಮನೆಯ ವೈಫೈಯಲ್ಲಿಯೇ ಎಲ್ಲ ಕೋಣೆಗಳಿಗೂ ಹರಿಸುವ ಏರ್ಪಾಡೂ ಸಾಧ್ಯ. ಮಳೆಗಾಲದಲ್ಲಿ ಮರ ಬಿದ್ದು ಹೊರಗಿನ ತಂತಿ ಹರಿದು ಇಂಟರ್ನೆಟ್ಟು ವಾರಗಟ್ಟಲೆ ಬಾರದಿದ್ದರೂ, ಮನೆಯಲ್ಲಿ ವಿದ್ಯುತ್ತೊಂದಿದ್ದರೆ ಮನೆಯ ಭಂಡಾರ ತೆರೆದೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡುವುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟು ಬಂದರು. ಮನೆಯನ್ನು ಮತ್ತೆ ಕಟ್ಟಬಹುದು. ಗೋಡೆಯ ಮೇಲಿದ್ದ ಅಜ್ಜನ ಪಟವನ್ನು ಮತ್ತೆ ತೆಗೆಯಿಸುವುದು ಹೇಗೆ? ಮಗಳ ಮನೆಯಲ್ಲೊಂದು, ಮೈಸೂರಿನಲ್ಲಿರುವ ತಮ್ಮನ ಮನೆಯಲ್ಲೊಂದು ಪ್ರತಿಯಿದ್ದರೆ ಮಣ್ಣು ಜಾರಿದರೂ ದನಿ ಜಾರದು. ನೂರು ವರ್ಷ ಹಿಂದೆ ಇದಕ್ಕೆ ಅಚ್ಚುಕೂಟವೇ ಬೇಕಾಗಿತ್ತು. ಇಂದು ಹೆಬ್ಬೆರಳಿನಷ್ಟು ದೊಡ್ಡದಾದ ವಸ್ತುವೊಂದು ಸಾಕು.

ಆದುದರಿಂದ, ಅಗ್ಗದ ಪೆಟ್ಟಿಗೆಯನ್ನು ಕೊಳ್ಳಬೇಕೆಂದಿರುವವರು ಸಂಕೋಚವಿಲ್ಲದೆ ಕೊಳ್ಳಲಿ. ಕೊರಿಯಾದ ಕಥೆಯನ್ನೂ ನೋಡಲಿ, ಕನ್ನಡದ ಒಳ್ಳೆಯ ಚಿತ್ರಕ್ಕೆ ಹಣ ಕೊಟ್ಟು ಅದನ್ನು ಬದುಕಿಸಲಿ. ಆದರೆ ಮುಂಬಾಗಿಲಿನ ವೈಭವಕ್ಕೆ ಮರುಳಾಗಿ ಹಿತ್ತಿಲ ಬಾಗಿಲನ್ನು ಮರೆಯುವುದು ಬೇಡ. ಹಿರಿಯರು ಇನ್ನೂ ಮಾತನಾಡುತ್ತಿರುವ ಮನೆಗಳು ಈ ಜಿಲ್ಲೆಯಲ್ಲಿ ಇಂದಿಗೂ ಸಾಕಷ್ಟಿವೆ. ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಅವರ ಮಂಚದ ಬಳಿ ಒಂದು ಕುರ್ಚಿ ಎಳೆದುಕೊಂಡು, ಫೋನಿನ ಧ್ವನಿಗ್ರಾಹಕವನ್ನು ಒತ್ತಿ, ಹಳೆಯ ಹಾಡೊಂದನ್ನು ಕೇಳಿ ನೋಡಿ. ಮೊದಲು ಬೇಡವೆಂದಾರು, ಗಂಟಲು ಸರಿಯಿಲ್ಲವೆಂದಾರು. ಸ್ವಲ್ಪ ಕಾದರೆ ಹಾಡಿಯಾರು.